ಜಗಳವೂ ಕನ್ನಡದಲ್ಲೇ ಆಗಲಿ!

(ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ಮುದ್ರಣಾಲಯ ನಡೆಸುವ ಗೆಳೆಯರೊಬ್ಬರು ಬೆಂಗಳೂರಿನ ಕನ್ನಡ ಯುವಕ-ಯುವತಿಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಭಾಷಣ ಮಾಡುವ ಕಸುಬಿನವನಲ್ಲ. ಬೆಳಗಾವಿ ಜಿಲ್ಲೆಯ ಸುರೇಬಾನದಲ್ಲಿ ಸಣ್ಣದೊಂದು ಪ್ರೆಸ್ಸು ನಡೆಸುವವನು. ಓದಿದ್ದು ಪಿಯುಸಿ. ನಮ್ಮೂರಿನ ಹೆಸರು ಕೇಳದವರು ಶಬರಿಕೊಳ್ಳದ ಹೆಸರನ್ನಾದರೂ ಕೇಳಿರುತ್ತೀರಿ. ಅದರ ಹತ್ತಿರದ ಊರು ನಮ್ಮದು.

ಕರೆದವರು "ಕನ್ನಡದ ಬಗ್ಗೆ ನಾಲ್ಕು ಮಾತಾಡಿ" ಎಂದರು. ಗಡಿ, ನೀರು, ಬ್ಯಾಂಕಿನ ಚಲನ್, ರೈಲ್ವೆ ಪರೀಕ್ಷೆ ಇವುಗಳ ಬಗ್ಗೆ ಬಲ್ಲವರು ಇಲ್ಲಿ ಬೇಕಾದಷ್ಟು ಜನ ಕೂತಿದ್ದೀರಿ. ನಾನು ಯಾರೂ ಎತ್ತದ ವಿಷಯ ಎತ್ತುತ್ತೇನೆ. ಗಂಡ-ಹೆಂಡತಿ ಜಗಳ!

ನಗಬೇಡಿ. ರಾತ್ರಿ ಹನ್ನೊಂದರ ಮೇಲೆ ದೀಪ ಆರಿಸಿ ಮೊಬೈಲಿನಲ್ಲಿ ನೀವು ನೋಡುವುದೇ ಅದನ್ನು. ಒಬ್ಬ ಹುಡುಗ, ಒಬ್ಬ ಹುಡುಗಿ. ಇಬ್ಬರಲ್ಲೂ ಒಂದೊಂದು ಕೊರತೆ. ಪ್ರೀತಿಯೂ ಇದೆ, ಜಗಳವೂ ಇದೆ, ನಗುವೂ ಇದೆ. ಕಂತು ಕಂತಾಗಿ ಸಾಗುತ್ತದೆ. ಹಿಂದಿಯಲ್ಲಿ ನೋಡುತ್ತೀರಿ, ಇಂಗ್ಲಿಷಿನಲ್ಲಿ ನೋಡುತ್ತೀರಿ, ಕೊರಿಯಾದ ಭಾಷೆಯಲ್ಲೂ ಕೆಳಗಿನ ಅಕ್ಷರ ಓದಿಕೊಂಡು ನೋಡುತ್ತೀರಿ. ಕನ್ನಡದಲ್ಲಿ ಏಕೆ ನೋಡುವುದಿಲ್ಲ? ನೋಡಲು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇದೆ, ಅದಕ್ಕೆ. ಏಕೆ ಕಡಿಮೆ? ಇಲ್ಲದಿದ್ದರೆ ನಮ್ಮದೇನು ಗಂಟು ಹೋಗುತ್ತದೆ? ಇವತ್ತಿನ ನನ್ನ ಮಾತು ಇಷ್ಟೇ.

ಲಗ್ನಪತ್ರಿಕೆಯ ಆಚೆಗೆ

ನನ್ನ ಪ್ರೆಸ್ಸಿನ ಹೊಟ್ಟೆ ತುಂಬಿಸುವುದು ಲಗ್ನಪತ್ರಿಕೆ. ಬಿಲ್‌ಬುಕ್ಕು, ರಸೀದಿ, ಜಾತ್ರೆಯ ಹ್ಯಾಂಡ್‌ಬಿಲ್ಲು ವರ್ಷವಿಡೀ ಇರುತ್ತವೆ. ಮದುವೆಯ ಕಾಲ ಬಂತೆಂದರೆ ಮಷಿನ್ನಿಗೆ ಹಗಲು ರಾತ್ರಿ ಇಲ್ಲ. ನಮ್ಮ ಕಡೆ ಪತ್ರಿಕೆ ಇನ್ನೂ ಕನ್ನಡದಲ್ಲೇ ಇದೆ. ಆದರೆ ಈಚೆಗೆ ಒಂದು ರೂಢಿ ಬಂದಿದೆ: ಐದುನೂರು ಕನ್ನಡದವು ಊರಿಗೆ, ಐವತ್ತು ಇಂಗ್ಲಿಷಿನವು ಮದುಮಗನ ಆಫೀಸಿಗೆ. ಗಿರಾಕಿ ಕೇಳಿದ್ದನ್ನು ಅಚ್ಚು ಮಾಡಿಕೊಡುತ್ತೇನೆ, ಅದು ಕಸುಬು.

ಪತ್ರಿಕೆಯ ಮೇಲೆ ಎಲ್ಲ ಮದುಮಕ್ಕಳೂ ಒಂದೇ. ಅಕ್ಷತಾರೋಪಣದ ಹೊತ್ತು, ಬೀಗರ ಹೆಸರು, "ಸುಖಾಗಮನ ಬಯಸುವವರು". ಹುಡುಗ ಗೊರಕೆ ಹೊಡೆಯುತ್ತಾನೆ ಎಂದು ಯಾರೂ ಅಚ್ಚು ಹಾಕಿಸುವುದಿಲ್ಲ. ಹುಡುಗಿಗೆ ಮುಂಜಾನೆ ಚಹಾ ಸಿಗುವ ತನಕ ಯಾರ ಮುಖವೂ ಸೇರುವುದಿಲ್ಲ ಎಂದೂ ಹಾಕಿಸುವುದಿಲ್ಲ. ಪತ್ರಿಕೆ ಮುಗಿದಲ್ಲಿಂದ ನಿಜವಾದ ಸಂಸಾರ ಶುರು. ಅದು ಯಾವ ಭಾಷೆಯಲ್ಲಿ ನಡೆಯುತ್ತದೆ ಅನ್ನುವುದು ನನ್ನ ಪ್ರಶ್ನೆ.

ಎರಡು ವರ್ಷದ ಹಿಂದೆ ನಮ್ಮಲ್ಲಿ ಪತ್ರಿಕೆ ಮಾಡಿಸಿದ್ದ ಹುಡುಗನೊಬ್ಬ ತಮ್ಮನ ಮದುವೆಯ ಪತ್ರಿಕೆಗೆ ಮತ್ತೆ ಬಂದಿದ್ದ. ಇದೇ ಬೆಂಗಳೂರಿನಲ್ಲಿ ಕಂಪನಿ ಕೆಲಸ. ಹೆಂಡತಿಗೂ ಕೆಲಸ. ಇಬ್ಬರೂ ನಮ್ಮ ಸೀಮೆಯವರೇ, ಮನೆಮಾತು ಕನ್ನಡ. ಪ್ರೂಫು ತಿದ್ದುತ್ತ ಕೂತಿದ್ದಾಗ ಕೇಳಿದೆ, "ಹೆಂಗದೀರಪ್ಪಾ ಇಬ್ರೂ?"

"ಆರಾಮ ಅದೀವ್ರಿ ಅಣ್ಣಾರ. ಜಗಳ ಮಾತ್ರ ಇಂಗ್ಲಿಷಿನ್ಯಾಗ ಆಡ್ತೀವ್ರಿ."

"ಅದ್ಯಾಕೋ?"

"ಕನ್ನಡದಾಗ ಬೈದ್ರ ಭಾಳ ಹತ್ತತೈತ್ರಿ. ಇಂಗ್ಲಿಷಿನ್ಯಾಗ ಬೈದ್ರ ಸೀರಿಯಲ್ಲಿನ್ಯಾಗಿನ ಮಾತು ಇದ್ದಂಗ. ಮುಂಜಾನಿಗೆ ಮರ್ತು ಹೊಕ್ಕತಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಹುಡುಗ ಹೇಳಿದ್ದರಲ್ಲಿ ದೊಡ್ಡ ಸುದ್ದಿ ಇದೆ. ಕನ್ನಡದ ಮಾತು ನೇರ ಎದೆಗೆ ಹತ್ತುತ್ತದೆ ಎಂದು ಅವನೇ ಒಪ್ಪಿಕೊಂಡ. ಎದೆಗೆ ಹತ್ತುವ ಮಾತು ಬೇಡ, ಎರವಲು ಮಾತು ಸಾಕು ಎಂದು ಸಂಸಾರ ನಡೆಸುತ್ತಿದ್ದಾನೆ. ಅವನನ್ನು ದೂರಿ ಫಲವಿಲ್ಲ. ಇಬ್ಬರ ಸಂಬಳ, ಒಂದು ಬಾಡಿಗೆ ಮನೆ, ಇಎಂಐ, ಇಬ್ಬರ ಫೋನಿನ ಗುಟ್ಟು, ಪಾತ್ರೆ ಯಾರು ತೊಳೆಯಬೇಕು ಅನ್ನುವ ಪಂಚಾಯಿತಿ, ಈ ವರ್ಷ ಹಬ್ಬಕ್ಕೆ ಯಾರ ತವರಿಗೆ ಹೋಗಬೇಕು ಅನ್ನುವ ಲೆಕ್ಕ. ಇವೆಲ್ಲ ಹೊಸ ಕಾಲದ ಜಗಳ. ಇವನ್ನು ಹೇಗೆ ಆಡಬೇಕು, ಆಡಿ ಹೇಗೆ ರಾಜಿಯಾಗಬೇಕು ಎಂದು ಹಿಂದಿ, ಇಂಗ್ಲಿಷಿನವರು ಕಂತು ಕಂತಾಗಿ ತೋರಿಸಿದರು. ಕನ್ನಡದಲ್ಲಿ ತೋರಿಸಿದವರು ಎಷ್ಟು ಜನ?

ಪಕ್ಕದ ಮನೆಯವರು ಮಾಡಿದ್ದು

ಅಮೆರಿಕದ ನೆಟ್‌ಫ್ಲಿಕ್ಸ್ ಭಾರತಕ್ಕೆ ಕಾಲಿಟ್ಟದ್ದು 2016ರ ಜನವರಿಯಲ್ಲಿ. ಅದಕ್ಕೂ ಮೊದಲೇ, 2014ರಲ್ಲಿ, ಟಿವಿಎಫ್ ಎಂಬ ಹುಡುಗರ ತಂಡ ಯೂಟ್ಯೂಬಿನಲ್ಲಿ 'ಪರ್ಮನೆಂಟ್ ರೂಮ್‌ಮೇಟ್ಸ್' ಎಂಬ ಹಿಂದಿ ಸರಣಿ ಬಿಟ್ಟಿತು. ಮೂರು ವರ್ಷ ದೂರದೂರ ಇದ್ದು ಪ್ರೀತಿಸಿದ ತಾನ್ಯಾ, ಮಿಕೇಶ್ ಎಂಬ ಜೋಡಿ. ಹುಡುಗ ಒಂದು ದಿನ ಅಮೆರಿಕದಿಂದ ಬಂದಿಳಿದು ಮದುವೆಯಾಗು ಅನ್ನುತ್ತಾನೆ. ಹುಡುಗಿ ಗಾಬರಿಯಾಗುತ್ತಾಳೆ. ಅಷ್ಟೇ ಕತೆ! ವಿಲನ್ ಇಲ್ಲ, ಹೊಡೆದಾಟ ಇಲ್ಲ. 2016ರಲ್ಲಿ 'ಲಿಟಲ್ ಥಿಂಗ್ಸ್' ಬಂತು. ಧ್ರುವ್, ಕಾವ್ಯಾ ಎಂಬ ಮುಂಬಯಿಯ ಜೋಡಿ. ಹೆಸರೇ ಹೇಳುವಂತೆ ಸಣ್ಣಸಣ್ಣ ಸಂಗತಿಗಳು. ಯೂಟ್ಯೂಬಿನಲ್ಲಿ ಹುಟ್ಟಿದ ಆ ಸರಣಿಯನ್ನು 2018ರಲ್ಲಿ ನೆಟ್‌ಫ್ಲಿಕ್ಸ್ ತಾನಾಗಿ ಎತ್ತಿಕೊಂಡಿತು. 2021ರವರೆಗೆ ನಾಲ್ಕು ಸೀಸನ್ ನಡೆಯಿತು.

ಹಿಂದಿಗೆ ದುಡ್ಡಿದೆ, ದೆಹಲಿಯ ಬಲವಿದೆ ಎನ್ನುತ್ತೀರಾ? ಹಾಗಾದರೆ ಮರಾಠಿ ನೋಡಿ. ಬೆಳಗಾವಿ ಜಿಲ್ಲೆಯವನಾದ ನಾನು ಮರಾಠಿಯವರನ್ನು ಹೊಗಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಗಡಿಯ ವಿಷಯಕ್ಕೆ ಬಂದರೆ ನಾವು ಒಂದಿಂಚೂ ಬಿಡುವವರಲ್ಲ. ಆದರೆ ಒಳ್ಳೆಯ ಕೆಲಸವನ್ನು ಒಳ್ಳೆಯದು ಅನ್ನಲು ಗಡಿ ಅಡ್ಡ ಬರಬಾರದು. 2019ರಲ್ಲಿ ಎಂಎಕ್ಸ್ ಪ್ಲೇಯರಿನಲ್ಲಿ 'ಆಣಿ ಕಾಯ್ ಹವಾ' ಎಂಬ ಮರಾಠಿ ಸರಣಿ ಬಂತು. ವರುಣ್ ನಾರ್ವೇಕರ್ ನಿರ್ದೇಶನ. ಉಮೇಶ್ ಕಾಮತ್, ಪ್ರಿಯಾ ಬಾಪಟ್ ಗಂಡ-ಹೆಂಡತಿಯ ಪಾತ್ರದಲ್ಲಿ. ನಿಜ ಜೀವನದಲ್ಲೂ ಅವರು ಗಂಡ-ಹೆಂಡತಿಯೇ. ಮೊದಲ ಹಬ್ಬ, ಮೊದಲ ಕಾರು, ಹೀಗೆ ಸಂಸಾರದ ಸಣ್ಣ ಸಂಗತಿಗಳನ್ನು ಹಿಡಿದು 2021ರೊಳಗೆ ಮೂರು ಸೀಸನ್ ಮಾಡಿದರು. ನಮ್ಮ ಪಕ್ಕದ ರಾಜ್ಯದ ಹುಡುಗ-ಹುಡುಗಿಯರು ತಮ್ಮ ಭಾಷೆಯಲ್ಲಿ ಕಾರು ಕೊಂಡರು, ಜಗಳವಾಡಿದರು, ನಕ್ಕರು. ನಾವು?

ಇಂಥ ಸರಣಿಯ ಗುಣ ಏನು ಎಂದು ಯೋಚನೆ ಮಾಡಿ. ಸಿನಿಮಾದಲ್ಲಿ ಎರಡೂವರೆ ಗಂಟೆ. ಪ್ರೀತಿ ಹುಟ್ಟುವುದಕ್ಕೆ, ಮದುವೆ ಆಗುವುದಕ್ಕೆ ಆ ಹೊತ್ತು ಮುಗಿಯುತ್ತದೆ. ತಾಳಿ ಕಟ್ಟಿದ ಕೂಡಲೆ "ಶುಭಂ". ಟಿವಿ ಧಾರಾವಾಹಿ ವರ್ಷಗಟ್ಟಲೆ ಎಳೆಯುತ್ತದೆ. ಅಲ್ಲಿ ಜಗಳ ಆಡುವುದು ಅತ್ತೆ-ಸೊಸೆ, ಗಂಡ ಕಂಬದ ಹಾಗೆ ನಿಂತಿರುತ್ತಾನೆ. ಈ ಸರಣಿಯಲ್ಲಿ ಮಾತ್ರ ಅರ್ಧ ಗಂಟೆ ಇಡೀ ಒಂದು ಒದ್ದೆ ಟವೆಲಿನ ಮೇಲೆ ಜಗಳ ನಡೆಸಲು ಪುರಸೊತ್ತು ಉಂಟು. ಟವೆಲ್ ನೆಪ, ಒಳಗೆ ಬೇರೆ ಏನೋ ಇರುತ್ತದೆ. ಅದು ನಿಧಾನಕ್ಕೆ ಹೊರಗೆ ಬರುತ್ತದೆ. ಹಾಗೆ ಹೊರಗೆ ಬರಬೇಕಾದರೆ ಮಾತು ಬೇಕು. ಒಳ್ಳೆಯ ಮಾತು, ನಿಜವಾದ ಮಾತು. ಹೊಡೆದಾಟದ ಸಿನಿಮಾ ಮಾತಿಲ್ಲದೆ ಓಡೀತು, ಇದು ಓಡದು. ಭಾಷೆಯೇ ಇದರ ಬಂಡವಾಳ.

ನಮ್ಮ ಅಂಗಳದ ಸತ್ಯಭಾಮೆ

ಇದೆಲ್ಲ ಪೇಟೆಯವರ ಹೊಸ ಹುಚ್ಚು, ನಮ್ಮ ಸಂಸ್ಕೃತಿಯಲ್ಲಿ ಗಂಡ-ಹೆಂಡತಿ ಜಗಳ ಬೀದಿಗೆ ತರುವುದಿಲ್ಲ ಎಂದು ಯಾರಾದರೂ ಹಿರಿಯರು ಹೇಳಬಹುದು. ಅಂಥವರನ್ನು ನಮ್ಮ ಜಿಲ್ಲೆಗೆ ಕರೆದುಕೊಂಡು ಬನ್ನಿ.

ಶ್ರೀಕೃಷ್ಣ ಪಾರಿಜಾತದ ಹೆಸರು ಕೇಳಿದ್ದೀರಾ? ಅಪರಾಳ ತಮ್ಮಣ್ಣನವರು ಹಾಡು ಕಟ್ಟಿದರು, ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನವರು ಅದನ್ನು ಆಟವಾಗಿ ಬೆಳೆಸಿದರು. ಕತೆ ಏನು? ನಾರದ ಒಂದು ಪಾರಿಜಾತದ ಹೂವು ತಂದುಕೊಟ್ಟ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಟ್ಟ. ಸುದ್ದಿ ಸತ್ಯಭಾಮೆಯ ಕಿವಿಗೆ ಬಿತ್ತು. ಮುಗಿಯಿತು! ಒಂದು ಹೂವಿನ ಮೇಲೆ ರಾತ್ರಿಯಿಡೀ ಜಗಳ. ಹೆಂಡತಿಗೆ ಹೊಟ್ಟೆಕಿಚ್ಚು, ಬಿಗುಮಾನ. ಗಂಡ ಸುಳ್ಳುಗಾರ, ಮಾತಿನ ಮಲ್ಲ. ಜಗತ್ತನ್ನು ಕಾಯುವ ದೇವರು ಹೆಂಡತಿಯ ಬಾಗಿಲಲ್ಲಿ ನಿಂತು ಬೇಡಿಕೊಳ್ಳುತ್ತಾನೆ. ಕೊರತೆ ಇರುವ ಜೋಡಿಯ ನಗೆಯಾಟಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೆ? ಹಾಡಿನ ನಡುವೆ ಭಾಗವತ, ದೂತಿಯರು ನಮ್ಮ ಅಂಗಳದ ಜವಾರಿ ಮಾತಿನಲ್ಲಿ ಚೇಷ್ಟೆ ಮಾಡುತ್ತಾರೆ. ದ್ವಾರಕೆಯ ಜಗಳ ಹಳ್ಳಿಯ ಜಗಳವಾಗುವುದು ಅಲ್ಲಿ. ಕೌಜಲಗಿ ನಿಂಗಮ್ಮ, ಅಪ್ಪಾಲಾಲ ನದಾಫ ಅವರಂಥ ಕಲಾವಿದರು ಈ ಆಟದಿಂದಲೇ ನಾಡಿಗೆ ಹೆಸರಾದರು. ಹಿಂದೂ-ಮುಸಲ್ಮಾನ ಎನ್ನದೆ ಊರೂರು ಬೆಳತನಕ ಕೂತು ನೋಡಿತು.

ಗೀಗೀ ಪದದಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಪಂಗಡ ಉಂಟು. ಒಬ್ಬರದು ಗಂಡು ಹೆಚ್ಚೆಂಬ ವಾದ, ಇನ್ನೊಬ್ಬರದು ಹೆಣ್ಣು ಹೆಚ್ಚೆಂಬ ವಾದ. ಡಪ್ಪು ಬಾರಿಸುತ್ತ ಪ್ರಶ್ನೆಗೆ ಪ್ರಶ್ನೆ, ಪದಕ್ಕೆ ಪದ. ಇಡೀ ಊರೇ ನ್ಯಾಯಾಧೀಶ. ಮದುವೆಯ ಮನೆಯಲ್ಲಿ ಒಡಪು ಹಾಕಿಸುತ್ತಾರೆ. ಗಂಡನ ಹೆಸರನ್ನು ಬರಿದೆ ಹೇಳುವಂತಿಲ್ಲ, ಒಂದು ಪ್ರಾಸ ಕಟ್ಟಿ ಅದರೊಳಗೆ ಹೆಸರು ಸಿಕ್ಕಿಸಬೇಕು. ಬೀಗರನ್ನೂ ಗಂಡನನ್ನೂ ಒಂದೇ ಏಟಿಗೆ ಕೆಣಕುವ ಹುಡುಗಿಯರು ನಮ್ಮಲ್ಲಿ ಇದ್ದರು, ಈಗಲೂ ಇದ್ದಾರೆ. ಹೊಸ ಜೋಡಿ ಒಬ್ಬರಿಗೊಬ್ಬರು ಮಾತಾಡಿದ ಮೊದಲ ಮಾತೇ ನಗೆಮಾತಾಗಲಿ ಎಂದು ಹಿರಿಯರು ಮಾಡಿದ ಏರ್ಪಾಡು ಅದು.

ಪೇಟೆಯ ಕನ್ನಡವೂ ಹಿಂದೆ ಬಿದ್ದಿರಲಿಲ್ಲ. 1990ರ 'ಗಣೇಶನ ಮದುವೆ' ನೆನಪು ಮಾಡಿಕೊಳ್ಳಿ. ಅನಂತನಾಗ್, ವಿನಯಾ ಪ್ರಸಾದ್. ಒಂದೇ ವಠಾರದಲ್ಲಿ ಹಗಲೆಲ್ಲ ಕಚ್ಚಾಡುವ ಇಬ್ಬರು, ಗೊತ್ತಿಲ್ಲದೆ ಕಾಗದದಲ್ಲಿ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಆಮೇಲೆ ಈಟಿವಿ ಕನ್ನಡದಲ್ಲಿ ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು' ಬಂತು. ಚಿದಾನಂದ, ಶಾಲಿನಿ ಅವರ ಜಗಳ ಕೇಳಲು ಮನೆಮಂದಿಯೆಲ್ಲ ಊಟದ ತಾಟು ಹಿಡಿದು ಟಿವಿ ಮುಂದೆ ಕೂರುತ್ತಿದ್ದರು. ಹಾಗಾದರೆ ಈ ಕಲೆ ನಮಗೆ ಹೊಸದೇನಲ್ಲ. ನಡುವೆ ಎಲ್ಲೋ ಎಳೆ ಕಡಿದಿದೆ.

ಇಕ್ಕಟ್, ಹನಿಮೂನ್, ಆಮೇಲೆ?

ಪೂರಾ ಕಡಿದಿದೆ ಎಂದರೂ ಸುಳ್ಳಾಗುತ್ತದೆ. ಎರಡು ಪ್ರಯತ್ನ ನಡೆದವು. ಎರಡರಲ್ಲೂ ನಾಗಭೂಷಣ ನಾಯಕ. ಯೂಟ್ಯೂಬಿನ ಚುಟುಕು ಹಾಸ್ಯಗಳಿಂದ ಬೆಳೆದ ನಟ, ನೋಡಲು ನಮ್ಮ ನಿಮ್ಮ ಹಾಗೆ ಇರುವ ಮನುಷ್ಯ.

ಮೊದಲನೆಯದು 2021ರ ಜುಲೈಯಲ್ಲಿ ಅಮೆಜಾನ್ ಪ್ರೈಮ್ ವಿಡಿಯೋದಲ್ಲಿ ಬಂದ 'ಇಕ್ಕಟ್'. ಇಶಾಂ ಖಾನ್, ಹಸೀನ್ ಖಾನ್ ಎಂಬ ಇಬ್ಬರ ನಿರ್ದೇಶನ. ಇದು ಸಿನಿಮಾ, ಸರಣಿಯಲ್ಲ. ಆದರೆ ಕತೆ ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದ್ದು. ವಾಸು, ಜಾಹ್ನವಿ ಇಬ್ಬರೂ ಡೈವೋರ್ಸ್ ಮಾಡಿಕೊಳ್ಳಲು ತಯಾರಾಗಿ ನಿಂತಿದ್ದಾರೆ. ಅಷ್ಟರಲ್ಲಿ 2020ರ ಮಾರ್ಚ್ ಲಾಕ್‌ಡೌನ್. ಇಪ್ಪತ್ತೊಂದು ದಿನ ಬಾಗಿಲು ಬಂದ್! ಬೇಡವಾದ ಮುಖವನ್ನೇ ಹೊತ್ತು ಹೊತ್ತಿಗೆ ನೋಡಬೇಕು. ಹೆಸರು ನೋಡಿ, ಇಕ್ಕಟ್ಟು ಎಂಬ ನಮ್ಮ ಮಾತಿನ ನೆನಪು ತರುವಂಥದು. ಆ ದಿನಗಳಲ್ಲಿ ಎಷ್ಟು ಮನೆಗಳಲ್ಲಿ ನಿಜವಾಗಿ ಹೀಗೇ ನಡೆಯಿತೋ ದೇವರೇ ಬಲ್ಲ. ಭೂಮಿ ಶೆಟ್ಟಿಯವರ ಜಾಹ್ನವಿ ಅಳುಮುಂಜಿಯಲ್ಲ, ಗಂಡನ ಮಾತಿಗೆ ಮಾತು ಕೊಡುವವಳು. ಮನೆಯ ಹೊರಗೆ ಹೋಗದೆ, ಕನ್ನಡದಲ್ಲಿ, ಕಡಿಮೆ ಜನರನ್ನಿಟ್ಟುಕೊಂಡು ಇಂಥದನ್ನು ಮಾಡಬಹುದು ಎಂದು ಆ ಹುಡುಗರು ತೋರಿಸಿಕೊಟ್ಟರು.

ಎರಡನೆಯದು 2022ರಲ್ಲಿ ವೂಟ್ ಸೆಲೆಕ್ಟ್‌ನಲ್ಲಿ ಬಂದ 'ಹನಿಮೂನ್'. ಇದು ಸರಿಯಾದ ವೆಬ್ ಸರಣಿ. ನಾಗಭೂಷಣ, ಸಂಜನಾ ಆನಂದ್ ಜೋಡಿ. ನಟ ಶಿವರಾಜ್‌ಕುಮಾರ್ ಅವರ ಮಗಳು ನಿವೇದಿತಾ ಅವರ ನಿರ್ಮಾಣ. ಹಿರಿಯರು ನೋಡಿ ಮಾಡಿದ ಮದುವೆ. ಒಬ್ಬರಿಗೊಬ್ಬರು ಗೊತ್ತಿಲ್ಲ. ಹಾಗೇ ಕೇರಳಕ್ಕೆ ಹನಿಮೂನಿಗೆ ಹೊರಡುತ್ತಾರೆ. ಮೊದಲು ಮದುವೆ, ಆಮೇಲೆ ಪರಿಚಯ, ಅದಾದ ಮೇಲೆ ಪ್ರೀತಿ. ಹಿಂದಿಯವರ ಸರಣಿಯಲ್ಲಿ ಜೋಡಿ ಮೊದಲು ಜೊತೆಗಿರುತ್ತದೆ, ಮದುವೆ ಆಮೇಲಿನ ಮಾತು. ನಮ್ಮ ಬಹುಪಾಲು ಮನೆಗಳಲ್ಲಿ ನಡೆಯುವುದು ಹನಿಮೂನಿನ ಕತೆಯೇ. ನಾನು ಅಚ್ಚು ಹಾಕುವ ಪತ್ರಿಕೆಗಳ ಜೋಡಿಗಳಲ್ಲಿ ಎಷ್ಟೋ ಜನ ಮದುವೆಗೆ ಮುಂಚೆ ಒಬ್ಬರ ಜೊತೆ ಒಬ್ಬರು ಒಂದು ತಾಸು ಸರಿಯಾಗಿ ಮಾತಾಡಿರುವುದಿಲ್ಲ. ಅವರ ಮೊದಲ ಮುಜುಗರ, ಮೊದಲ ಮುನಿಸು, ಮೊದಲ ನಗು, ಇದನ್ನು ಕನ್ನಡದಲ್ಲಿ ತಂದದ್ದು ದೊಡ್ಡ ಕೆಲಸ.

ಆಮೇಲೆ? ವೂಟ್ 2023ರಲ್ಲಿ ಜಿಯೋಸಿನಿಮಾದೊಳಗೆ ಕರಗಿತು. ಜಿಯೋಸಿನಿಮಾ 2025ರ ಫೆಬ್ರವರಿಯಲ್ಲಿ ಡಿಸ್ನಿ ಹಾಟ್‌ಸ್ಟಾರ್ ಜೊತೆ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಅಂಗಡಿಯ ಬೋರ್ಡು ಎರಡು ಸಲ ಬದಲಾಯಿತು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವಾಗ ಹೊಟ್ಟೆಯೊಳಗೆ ಕನ್ನಡದ ಒಂದು ಸರಣಿ ಇದೆ ಎಂದು ಯಾರು ಲೆಕ್ಕ ಇಡುತ್ತಾರೆ? ನಮ್ಮ ಕಸುಬಿನಲ್ಲಿ ಕಾಗದ ಅನ್ನುವುದು ಉಳಿಯುತ್ತದೆ. ನಲವತ್ತು ವರ್ಷದ ಹಿಂದಿನ ಲಗ್ನಪತ್ರಿಕೆ ಯಾರದೋ ಟ್ರಂಕಿನಲ್ಲಿ ಇವತ್ತೂ ಸಿಗುತ್ತದೆ. ಕೆಲವೇ ವರ್ಷದ ಹಿಂದಿನ ಸರಣಿಗೆ ಆ ಭರವಸೆ ಇಲ್ಲ.

ಆಮೇಲೆ ಬಂದದ್ದು ಏನು? ಸುಮಂತ್ ಭಟ್, ಸಂದೀಪ್ ಪಿ.ಎಸ್. ಅವರ 'ಏಕಂ' ಎಂಬ ಒಳ್ಳೆಯ ಸರಣಿಗೆ ಒಂದು ದೊಡ್ಡ ಒಟಿಟಿಯೂ ಕೈ ನೀಡಲಿಲ್ಲ. ರಕ್ಷಿತ್ ಶೆಟ್ಟಿಯವರ ಪರಂವಃ ಬೆನ್ನಿಗಿದ್ದರೂ 2024ರ ಜುಲೈಯಲ್ಲಿ ತಾವೇ ಒಂದು ವೆಬ್‌ಸೈಟು ಮಾಡಿ ಬಿಡುಗಡೆ ಮಾಡಬೇಕಾಯಿತು. 2025ರ ಏಪ್ರಿಲಿನಲ್ಲಿ ಜೀ5 'ಅಯ್ಯನ ಮನೆ' ತಂದಿತು, ಅದೇ ವರ್ಷ 'ಶೋಧ' ತಂದಿತು. ಸಂತೋಷ, ಬಾಗಿಲು ತೆರೆಯಿತಲ್ಲ. ಆದರೆ ಅವೆರಡೂ ರಹಸ್ಯ, ಸಾವು, ಶಾಪದ ಜಾಡಿನವು. ಕನ್ನಡಿಗರು ಪರದೆಯ ಮೇಲೆ ಸಾಯಬಹುದು, ಕಾಣೆಯಾಗಬಹುದು. ಅವರು ಸುಮ್ಮನೆ ಸಂಸಾರ ಮಾಡಿ ನಗುವುದಕ್ಕೆ ಇನ್ನೂ ಜಾಗ ಸಿಕ್ಕಿಲ್ಲ!

ಮಾರುಕಟ್ಟೆ ಇಲ್ಲ ಅನ್ನುತ್ತಾರೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ. ಬಂಗಾಳಿಗೆ 2017ರಲ್ಲಿ ಹೊಯ್‌ಚೊಯ್ ಹುಟ್ಟಿತು, ತೆಲುಗಿಗೆ 2020ರಲ್ಲಿ ಆಹಾ ಹುಟ್ಟಿತು. ನಮ್ಮ ಮನೆಯ ಟಿವಿ ಹಿಂದಿಯಲ್ಲೂ ಓಡುತ್ತದೆ, ತೆಲುಗಿನಲ್ಲೂ ಓಡುತ್ತದೆ, ತಮಿಳಿನಲ್ಲೂ ಓಡುತ್ತದೆ. ನಾಲ್ಕು ಭಾಷೆ ಬರುವ ಗಿರಾಕಿಗೆ ಅವನದೇ ಭಾಷೆಯ ಮಾಲು ಏಕೆ ಕೊಡಬೇಕು ಎಂದು ಅಂಗಡಿಯವನು ಲೆಕ್ಕ ಹಾಕುತ್ತಾನೆ. ನಮ್ಮ ಒಳ್ಳೆಯತನವೇ ನಮಗೆ ಮುಳುವಾಗಿದೆ.

"ಕ್ಷಮಿಸು ಪ್ರಿಯೆ" ಅನ್ನುವವರು ಯಾರು?

"ಡಬ್ ಮಾಡಿದರೆ ಆಯಿತಲ್ಲ?" ಎಂದು ಕೆಲವರು ಕೇಳುತ್ತಾರೆ. 2015ರ ಜುಲೈಯಲ್ಲಿ ಭಾರತೀಯ ಸ್ಪರ್ಧಾ ಆಯೋಗದ ತೀರ್ಪು ಬಂದ ಮೇಲೆ ಡಬ್ಬಿಂಗಿನ ಬಾಗಿಲು ತೆರೆಯಿತು. 2020ರಲ್ಲಿ ಮಹಾಭಾರತ ಕನ್ನಡದಲ್ಲಿ ಮಾತಾಡಿದಾಗ ನಮ್ಮೂರಿನ ಅಜ್ಜ-ಅಜ್ಜಿಯರು ಖುಷಿಪಟ್ಟು ನೋಡಿದರು. ಬೇಕು, ಬೇಡ ಎಂಬ ಹಳೆಯ ವಾದಕ್ಕೆ ನಾನು ಇವತ್ತು ಇಳಿಯುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಡಬ್ಬಿಂಗಿನಲ್ಲಿ ಯುದ್ಧ ಬರುತ್ತದೆ, ಭೂತ ಬರುತ್ತದೆ, ಬಾಹ್ಯಾಕಾಶ ಬರುತ್ತದೆ. ಗಂಡ-ಹೆಂಡತಿ ಜಗಳ ಬರುವುದಿಲ್ಲ.

ಯಾಕೆ ಗೊತ್ತೆ? ಇಂಗ್ಲಿಷ್ ಜೋಡಿ ಕಂತಿಗೆ ಇಪ್ಪತ್ತು ಸಲ "ಸಾರಿ" ಅನ್ನುತ್ತದೆ. ಡಬ್ ಮಾಡುವವನು "ನನ್ನನ್ನು ಕ್ಷಮಿಸು ಪ್ರಿಯೆ" ಎಂದು ಬರೆಯುತ್ತಾನೆ. ನಿಮ್ಮ ಅಪ್ಪ ನಿಮ್ಮ ಅಮ್ಮನಿಗೆ ಹೀಗೆ ಅಂದದ್ದನ್ನು ಕೇಳಿದವರು ಈ ಸಭೆಯಲ್ಲಿ ಒಬ್ಬರಾದರೂ ಇದ್ದರೆ ಕೈ ಎತ್ತಿ! ಒಂದೂ ಕೈ ಇಲ್ಲ. ಹಾಗಾದರೆ ನಮ್ಮ ಮನೆಗಳಲ್ಲಿ ರಾಜಿ ಆಗುವುದೇ ಇಲ್ಲವೆ? ಆಗುತ್ತದೆ. ಬೇರೆ ಮಾತಿನಲ್ಲಿ ಆಗುತ್ತದೆ.

ನಮ್ಮ ಕಡೆ ಹೆಂಡತಿಯ ಸಿಟ್ಟು ಇಳಿದದ್ದು ಹೇಗೆ ತಿಳಿಯುತ್ತದೆ? ಒಳಗೆ ಪಾತ್ರೆಯ ಸಪ್ಪಳ ಸಣ್ಣದಾಗುತ್ತದೆ. ಆಮೇಲೆ ಗೋಡೆಗೆ ಹೇಳಿದ ಹಾಗೆ, "ರೊಟ್ಟಿ ಆರಾಕತ್ತಾವ" ಅನ್ನುತ್ತಾಳೆ. ಯಾರಿಗೆ ಎಂದು ಹೇಳುವುದಿಲ್ಲ. ಅಥವಾ ಮಗುವನ್ನು ವಕೀಲನನ್ನಾಗಿ ಕಳಿಸುತ್ತಾಳೆ: "ನಿಮ್ಮಪ್ಪಗ ಹೇಳು, ಉಣ್ಣಾಕ ಬಾ ಅಂತ." ಗಂಡನಾದರೂ ಅಷ್ಟೇ. ತಪ್ಪಾಯಿತು ಎಂದು ಬಾಯಿ ಬಿಡುವುದಿಲ್ಲ. ಸಂಜೆ ಬರುವಾಗ ಸಂತೆಯಿಂದ ಅವಳಿಗೆ ಸೇರುವ ಕಾಯಿಪಲ್ಲೆ ತಂದು ಕಟ್ಟೆಯ ಮೇಲೆ ಇಡುತ್ತಾನೆ. "ನಿಮ್ಮವ್ವಗ ಫೋನ್ ಮಾಡಿದ್ದಿಲ್ಲೋ? ಆರಾಮ ಅದಾರೇನು?" ಅನ್ನುತ್ತಾನೆ. ಮೂರು ದಿನದ ಮೌನ ಅಲ್ಲಿಗೆ ಮುಗಿಯಿತು! ಮಂಡ್ಯದ ಮನೆಯಲ್ಲಿ ಇದಕ್ಕೆ ಬೇರೆ ಮಾತಿದೆ, ಕುಂದಾಪುರದ ಮನೆಯಲ್ಲಿ ಬೇರೆ ಇದೆ, ಕಲಬುರಗಿಯಲ್ಲಿ ಬೇರೆ.

ಈ ಮಾತುಗಳು ನಿಘಂಟಿನಲ್ಲಿಲ್ಲ, ಪಠ್ಯಪುಸ್ತಕದಲ್ಲಿಲ್ಲ, ರಾಜ್ಯೋತ್ಸವದ ಭಾಷಣದಲ್ಲಿಲ್ಲ. ಅಡುಗೆಮನೆಗೂ ಪಡಸಾಲೆಗೂ ನಡುವೆ ಬದುಕಿವೆ. ಹಿಂದೆ ಮಕ್ಕಳು ಕೂಡುಮನೆಯಲ್ಲಿ ಬೆಳೆದು ಇವನ್ನು ಕಿವಿಯಿಂದಲೇ ಕಲಿತರು. ಈಗ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹೊಸ ಜೋಡಿ ಒಂಟಿ. ಕಲಿಸಲು ಅತ್ತೆ ಇಲ್ಲ, ಚಿಕ್ಕವ್ವ ಇಲ್ಲ. ಪರದೆ ಒಂದೇ ಗುರು. ಪರದೆ ಕನ್ನಡದಲ್ಲಿ ಮುನಿಯದಿದ್ದರೆ, ಕನ್ನಡದಲ್ಲಿ ರಮಿಸದಿದ್ದರೆ, ನಮ್ಮ ಹುಡುಗ-ಹುಡುಗಿಯರು ಸಿಟ್ಟಿಗೂ ಪ್ರೀತಿಗೂ ಬೇರೆ ಭಾಷೆಯ ಕದ ತಟ್ಟುತ್ತಾರೆ. ಅವರ ಮಕ್ಕಳು ಅದನ್ನೇ ಕೇಳಿ ಬೆಳೆಯುತ್ತಾರೆ. ಆಗ ಕನ್ನಡ ಎಲ್ಲಿ ಉಳಿಯಿತು? ಬೋರ್ಡಿನ ಮೇಲೆ, ಧ್ವಜದ ಕೆಳಗೆ, ನನ್ನ ಪ್ರೆಸ್ಸಿನ ಪತ್ರಿಕೆಯ ಮೇಲೆ. ಬೋರ್ಡಿಗೆ ಬಣ್ಣ ಬಳಿದು ಕನ್ನಡ ತರಬಹುದು. ಮಲಗುವ ಕೋಣೆಗೆ ಯಾವ ಸಂಘಟನೆ ನುಗ್ಗಿ ಕನ್ನಡ ತರುತ್ತದೆ?

ಯಾವ ಕನ್ನಡ?

ಇನ್ನೊಂದು ಮಾತು ಬೆಂಗಳೂರಿನವರಿಗೆ ಸ್ವಲ್ಪ ಖಾರ ಹತ್ತಬಹುದು. ನಮ್ಮ ಉತ್ತರ ಕರ್ನಾಟಕದ ಮಾತನ್ನು ಸಿನಿಮಾದವರು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಯಾರ ಬಾಯಲ್ಲಿ? ಹೆಚ್ಚಾಗಿ ನಾಯಕನ ಜೊತೆಯ ಹಾಸ್ಯಗಾರನ ಬಾಯಲ್ಲಿ, ಇಲ್ಲವೆ ಖಳನ ಬಾಯಲ್ಲಿ. ನಮ್ಮ ಕನ್ನಡಕ್ಕೆ ನಗಿಸುವ ಕೆಲಸ ಕೊಟ್ಟರು, ಬೆದರಿಸುವ ಕೆಲಸ ಕೊಟ್ಟರು, ಪ್ರೀತಿಸುವ ಕೆಲಸ ಕೊಡಲಿಲ್ಲ! ನಮ್ಮ ಹುಡುಗಿಯೊಬ್ಬಳು ತನ್ನ ಮಾತಿನಲ್ಲೇ ಮುನಿದು, ತನ್ನ ಮಾತಿನಲ್ಲೇ ಒಲಿದದ್ದನ್ನು ನಾವು ಪರದೆಯ ಮೇಲೆ ಎಷ್ಟು ಸಲ ನೋಡಿದ್ದೇವೆ?

ಆಗುವುದಿಲ್ಲ ಅನ್ನಬೇಡಿ. ನಾಗರಾಜ ಮಂಜುಳೆ 2016ರ 'ಸೈರಾಟ್'ನಲ್ಲಿ ಸೊಲ್ಲಾಪುರದ ಕಡೆಯ ಹಳ್ಳಿಯ ಮರಾಠಿಯಲ್ಲಿ ಪ್ರೇಮ ಹೇಳಿದರು, ಪುಣೆಯವರೂ ಮುಂಬಯಿಯವರೂ ಮುಗಿಬಿದ್ದು ನೋಡಿದರು. ನಮ್ಮಲ್ಲೇ ರಾಜ್ ಬಿ. ಶೆಟ್ಟಿಯವರು 2017ರಲ್ಲಿ 'ಒಂದು ಮೊಟ್ಟೆಯ ಕಥೆ' ಮಾಡಿದರು. ತಲೆಯಲ್ಲಿ ಕೂದಲಿಲ್ಲದ ಒಬ್ಬ ಕನ್ನಡ ಉಪನ್ಯಾಸಕ ಹೆಣ್ಣು ಹುಡುಕುವ ಕತೆ, ಅಪ್ಪಟ ಮಂಗಳೂರು ಕನ್ನಡದಲ್ಲಿ. ಬೆಂಗಳೂರಿನವರಿಗೆ ಅರ್ಥವಾಗಲಿಲ್ಲವೆ? ಆಯಿತು, ಹೊಟ್ಟೆ ತುಂಬ ನಕ್ಕರು. ಕೊರತೆ ಇರುವ ಮನುಷ್ಯ ಎಲ್ಲರಿಗೂ ಅರ್ಥವಾಗುತ್ತಾನೆ.

ಹುಡುಗರಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಜಗಳದ ಹಾಸ್ಯ ಎಂದರೆ ಹೆಂಡತಿಗೆ ಹೊಡೆಯುವ ಹಾಸ್ಯವಲ್ಲ. ಕಪಾಳಕ್ಕೆ ಬಾರಿಸಿದರೆ ಜನ ನಗುವ ದೃಶ್ಯ ನಮ್ಮ ಹಳೆಯ ಚಿತ್ರಗಳಲ್ಲಿ ಬೇಕಾದಷ್ಟಿದೆ. ಅದನ್ನು ಪರಂಪರೆ ಎಂದು ತರಬೇಡಿ. 2005ರಲ್ಲೇ ಕೌಟುಂಬಿಕ ಹಿಂಸೆಯ ವಿರುದ್ಧ ಕಾಯ್ದೆ ಆಗಿದೆ. ಗಂಡನದು ಚಟ, ಹೆಂಡತಿಯದು ತಾಳ್ಮೆ ಎಂದು ಹಂಚಿಕೊಟ್ಟರೂ ಅದು ಕೊರತೆಯ ಜೋಡಿಯಾಗುವುದಿಲ್ಲ, ಒಬ್ಬರ ಗೋಳಾಗುತ್ತದೆ. ಸತ್ಯಭಾಮೆಯನ್ನು ನೋಡಿ. ತಪ್ಪು ಅವಳದೂ ಉಂಟು, ಕೃಷ್ಣನದೂ ಉಂಟು. ಇಬ್ಬರಿಗೂ ಮಾತಿನ ಹಕ್ಕು ಸರಿಸಮ. ಅದಕ್ಕೇ ಅದು ಇಷ್ಟು ಕಾಲ ಬಾಳಿತು.

ಮಾಡಬೇಕಾದ್ದು ಏನು?

ಬೈದು ಹೋಗಲು ನಾನು ಅಷ್ಟು ದೂರದಿಂದ ಬರಲಿಲ್ಲ. ಕೈಯಲ್ಲಿ ಆಗುವ ನಾಲ್ಕು ಕೆಲಸ ಹೇಳುತ್ತೇನೆ.

ಒಂದು: ಕನ್ನಡ ಸರಣಿ ಬಂದರೆ ಹಣ ಕೊಟ್ಟು ನೋಡಿ, ಮೊದಲ ಕಂತಿಗೆ ನಿಲ್ಲಿಸದೆ ಕೊನೆಯವರೆಗೂ ನೋಡಿ. ಎಷ್ಟು ಜನ ಕೊನೆ ಮುಟ್ಟಿದರು ಅನ್ನುವುದನ್ನು ಕಂಪನಿಯವರು ಎಣಿಸುತ್ತಾರೆ. ಟೆಲಿಗ್ರಾಮಿನಲ್ಲಿ ಕದ್ದು ನೋಡಿದ ಕನ್ನಡಾಭಿಮಾನ ಆ ಲೆಕ್ಕಕ್ಕೆ ಬರುವುದಿಲ್ಲ.

ಎರಡು: ಕೇಳಿ. ಒಟಿಟಿ ಕಂಪನಿಗಳಿಗೆ ಕನ್ನಡದಲ್ಲೇ ಬರೆದು ಕೇಳಿ. "ಹನಿಮೂನ್ ಎಲ್ಲಿದೆ? ಎರಡನೆಯ ಸೀಸನ್ ಎಲ್ಲಿದೆ?" ಎಂದು ಹೆಸರು ಹಿಡಿದು ಕೇಳಿ. ಬ್ಯಾಂಕಿನಲ್ಲಿ ಕನ್ನಡ ಕೇಳಿದ ಹಾಗೆಯೇ ಇದೂ ಗಿರಾಕಿಯ ಹಕ್ಕು.

ಮೂರು: ಸರ್ಕಾರವನ್ನು ಬಿಡಬೇಡಿ. 2025ರ ಮಾರ್ಚ್ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳಿಗಾಗಿ ಸರ್ಕಾರದ್ದೇ ಒಟಿಟಿ ಮಾಡುವುದಾಗಿ ಘೋಷಿಸಿದರು. ಅದು ಹಳೆಯ ಸಿನಿಮಾಗಳ ಗೋದಾಮು ಆಗಬಾರದು. ಸಣ್ಣ ಸಣ್ಣ ಸರಣಿಗಳಿಗೆ, ಒಂದೊಂದು ಸೀಮೆಯ ಕನ್ನಡಕ್ಕೆ ಅಲ್ಲಿ ಪಾಲು ಇರಲೇಬೇಕು. ಮಾಲಿಕ ಬದಲಾದರೂ ಕೆಲಸ ಅಳಿಯದಂತೆ ಕಾದಿಡುವ ವ್ಯವಸ್ಥೆಯೂ ಅಲ್ಲಿರಬೇಕು.

ನಾಲ್ಕು: ನೀವೇ ಮಾಡಿ. ಟಿವಿಎಫ್‌ನವರೂ ಯೂಟ್ಯೂಬಿನಲ್ಲೇ ಶುರುಮಾಡಿದವರು, ನಾಗಭೂಷಣ ಅವರೂ ಅಲ್ಲಿಂದಲೇ ಬಂದವರು. ಇಕ್ಕಟ್‌ಗೆ ಬೇಕಾದದ್ದು ಮುಖ್ಯವಾಗಿ ಒಂದು ಮನೆ, ಇಬ್ಬರು ಮನುಷ್ಯರು. ಊರಿಗೆ ಹೋದಾಗ ಅತ್ತೆ, ಚಿಕ್ಕವ್ವಂದಿರು ಮಾತಾಡುವುದನ್ನು ಕೇಳಿಸಿಕೊಳ್ಳಿ, ಬರೆದಿಟ್ಟುಕೊಳ್ಳಿ. ತಂಗಿಯರು ಬರೆಯಿರಿ, ಗಂಡಸರು ಬರೆದ ಹೆಂಡತಿಯರನ್ನು ನಾವು ಸಾಕಷ್ಟು ನೋಡಿದ್ದೇವೆ. ನಮ್ಮ ಸೀಮೆಯ ಮಾತು ಬೇಕಾದರೆ ನಮ್ಮೂರಿಗೆ ಬನ್ನಿ, ಊಟ-ವಸತಿ ನನ್ನದು. ಸಂಭಾಷಣೆ ತಿದ್ದಿಕೊಡಲು ನನ್ನ ಮನೆಯವರು ಇದ್ದಾರೆ. ಮೂವತ್ತು ಪುಟದ ಸ್ಕ್ರಿಪ್ಟನ್ನು ನನ್ನ ಪ್ರೆಸ್ಸಿನಲ್ಲಿ ಅಚ್ಚು ಮಾಡಿ ಕೊಡುತ್ತೇನೆ, ಕಾಗದದ ದುಡ್ಡನ್ನೂ ಕೇಳುವುದಿಲ್ಲ.

ಇಂಗ್ಲಿಷಿನಲ್ಲಿ ಜಗಳವಾಡುವ ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹತ್ತದ ಹಾಗೆ ಬೈಯುವ, ಹತ್ತುವ ಹಾಗೆ ರಮಿಸುವ ಕನ್ನಡವನ್ನು ನಾವು ಅವನ ಮೊಬೈಲಿಗೆ ಮುಟ್ಟಿಸಬೇಕು. ಅದು ಅವನ ಅಜ್ಜಿಯ ಬಾಯಲ್ಲಿ ಇನ್ನೂ ಇದೆ. ಅಜ್ಜಿಗೆ ವಯಸ್ಸಾಗಿದೆ, ತಡ ಮಾಡಬೇಡಿ.

 ಸಿರಿಗನ್ನಡಂ ಗೆಲ್ಗೆ!